ಸದ್ದಡಗಿದ ಪೆಟ್ಟಿಗೆ

ಕನ್ನಡಕದಂಗಡಿಯ ಅಳಿಯನಿಗೆ ಒಂದು ಚಾಳಿ. ಮಹಡಿಯ ಮೇಲಿನ ಅತ್ತೆಯನ್ನು ಹುಡುಕಿಕೊಂಡು ಬಂದವರನ್ನೂ ತನ್ನ ಗಿರಾಕಿಗಳೆಂದೇ ತಿಳಿದು ಗೋಡೆಯ ಮೇಲಿನ ಅಕ್ಷರ ಓದಿಸಿಬಿಡುತ್ತಿದ್ದ. ಆ ಬೆಳಗ್ಗೆ ಬಂದ ನಡುವಯಸ್ಸಿನವನು ಎರಡು ಸಾಲು ಓದಿ, ಮೂರನೆಯದಕ್ಕೆ ಕಣ್ಣು ತುಂಬಿಕೊಂಡ.

"ಅಕ್ಷರ ಕಾಣ್ತಿದೆ ಸ್ವಾಮಿ. ನಮ್ಮತ್ತಿಗೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅದಕ್ಕೆ ಬಂದೆ."

ಅಳಿಯ ನಾಲಿಗೆ ಕಚ್ಚಿಕೊಂಡು ಅವನನ್ನು ಮೇಲಕ್ಕೆ ಕರೆದೊಯ್ದ. ಅತ್ತೆ ಕಿಟಕಿಯ ಬಳಿ ಕೂತು, ಅಳಿಯನ ಅಂಗಡಿಯಿಂದ ಹೇಳದೆ ಕೇಳದೆ ತಂದ ಭೂತಗನ್ನಡಿಯಲ್ಲಿ ಹಳೆಯ ನಾಣ್ಯವೊಂದನ್ನು ನೋಡುತ್ತಿದ್ದರು. ನೌಕರಿಯಲ್ಲಿದ್ದಷ್ಟು ಕಾಲವೂ ಸುಂಕದ ಕಟ್ಟೆಯಲ್ಲಿ ಅಸಲಿ, ನಕಲಿ ಬೇರೆ ಮಾಡಿದ ಕೈ ಅದು. ನಿವೃತ್ತಿಯಾಗಿ ಮಗಳ ಮನೆಗೆ ಬಂದ ಮೇಲೂ ಆ ಕೈ ಸುಮ್ಮನಿರಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಅಳಿಯನ ಕಾಲ ಯಾವಾಗ ಬರುತ್ತದೆಂದು ಮಾತ್ರ ಯಾರೂ ಹೇಳಿಲ್ಲ. ಆದರೂ ಆಕೆಯ ಹಿಂದೆ ಚೀಲ ಹಿಡಿದು ಓಡಾಡುವುದೆಂದರೆ ಅವನಿಗೆ ಎಲ್ಲಿಲ್ಲದ ಹೆಮ್ಮೆ.

ಬಂದವನು ಮುಂದಿನ ಬೀದಿಯ ಆಟಿಕೆ ಅಂಗಡಿಯ ಒಡತಿಯ ಮೈದುನ. ಅವರ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಗಾಜಿನ ಬಾಗಿಲಿನ ಒಂದು ಮರದ ಗೂಡಿತ್ತು. ಅದರೊಳಗೆ ಮೂವತ್ತು ವರ್ಷ ಹಳೆಯದಾದ, ಕಾರ್ಖಾನೆಯ ಪ್ಲಾಸ್ಟಿಕ್ ಹಾಳೆ ಇನ್ನೂ ಹರಿಯದ ಒಂದು ವಿಡಿಯೋ ಗೇಮ್ ಪೆಟ್ಟಿಗೆ. ತೀರಿಕೊಂಡ ಅಣ್ಣ ಮೊದಲ ಸರಕಿನಲ್ಲಿ ಒಂದನ್ನು ಶುಭವಾಗಲೆಂದು ಎತ್ತಿಟ್ಟು, ಅದಕ್ಕೆ ಸರಿಯಾಗಿ ಅಳತೆ ಹಿಡಿದು ತಾನೇ ಆ ಗೂಡು ಮಾಡಿದ್ದ. ಈಗ ಅಂಗಡಿಯ ಮಾಡು ಸೋರುತ್ತಿತ್ತು. ಇಂಥ ಪೆಟ್ಟಿಗೆಗಳಿಗೆ ಚಿನ್ನದ ಬೆಲೆ ಬಂದಿದೆಯೆಂದು ಕೇಳಿ ಒಡತಿ ಮಾರಲು ಒಪ್ಪಿದ್ದರು. ಒಬ್ಬ ಹೆಸರಾಂತ ಪರೀಕ್ಷಕರು ಬಂದು ನೋಡಿ ಅಸಲಿ ಎಂದಿದ್ದರು. ಕೊಳ್ಳುವ ಯುವಕ ನಾಳೆ ಬರುವವನಿದ್ದ.

ಆದರೆ ಮೊನ್ನೆ ಒಡತಿ ಗೂಡಿನ ಮುಂದೆ ನಿಂತು, ಇದು ನಮ್ಮ ಪೆಟ್ಟಿಗೆಯಲ್ಲ ಎಂದುಬಿಟ್ಟರು. ಬೀದಿಯಲ್ಲಿ ಬಸ್ಸು ಹೋದಾಗಲೆಲ್ಲ ಅದು ಗೂಡಿನಲ್ಲಿ ಕಟಕಟ ಅನ್ನುತ್ತಿತ್ತು. ಎಷ್ಟೋ ವರ್ಷ ಅವರು ಅದನ್ನು ಬೈದುಕೊಂಡೇ ವ್ಯಾಪಾರ ಮಾಡಿದ್ದರು. ಈಗ ಬಸ್ಸು ಹೋದರೂ ಅದು ಮೂಗನ ಹಾಗಿತ್ತು. ಫೋನು ಮಾಡಿದರೆ ಪರೀಕ್ಷಕರು, ಕಳೆದ ರಜೆಯ ದಿನವಷ್ಟೇ ಎರಡನೇ ಸಲ ಬಂದು ನೋಡಿದ್ದೇನೆ, ಅದೇ ಪೆಟ್ಟಿಗೆ, ನಿಮ್ಮ ಭ್ರಮೆ ಎಂದರು. ಗೂಡಿನ ಬೀಗದ ಕೈ ಇದ್ದದ್ದು ಮೈದುನನ ಸೊಂಟದಲ್ಲಿ.

"ಕಳ್ಳ ಅಂದಿದ್ರೆ ಜಗಳ ಆಡ್ತಿದ್ದೆ. ಏನೂ ಅನ್ನಲಿಲ್ಲ. ಬೀಗದ ಕೈ ಕೊಡು ಅಂತ ಸುಮ್ಮನೆ ಕೈ ಚಾಚಿದ್ರು. ಸಣ್ಣವನಿದ್ದಾಗಿಂದ ಆ ಕೈಯಲ್ಲೇ ಉಂಡು ಬೆಳೆದವನು ನಾನು" ಎಂದ ಮೈದುನ.

ಅಳಿಯ ಅವನ ಮುಂದೆ ನೀರಿನ ಲೋಟ ಇಟ್ಟ. ಅತ್ತೆ ಮಾತ್ರ, ಪರೀಕ್ಷಕರು ಮೊದಲ ದಿನ ಏನೆಂದರು ಎಂದು ಕೇಳಿದರು. ಪೆಟ್ಟಿಗೆಯ ಬದಿಗಳನ್ನು ಸವರಿ ಬಹಳ ಹೊಗಳಿದ್ದರಂತೆ: ಹಾಳೆ ವರ್ಷಗಟ್ಟಲೆ ಬಿಗಿದು ಬಿಗಿದು ಪೆಟ್ಟಿಗೆಗೆ ಸೊಂಟ ಬಂದಿದೆ, ಇದನ್ನು ಯಾವ ಜಾಣನೂ ಮಾಡಲಾರ ಎಂದು. ಅವರು ಬಂದದ್ದು ಎರಡೂ ಸಲ ವಾರದ ರಜೆಯಲ್ಲೇ, ಬೀದಿ ಖಾಲಿಯಿದ್ದಾಗ. ಎರಡನೇ ಸಲ, ಗೂಡಿನ ಬೀಗ ತೆಗೆಸಿದ ಮೇಲೆ, ಬಿಸಿಲು ತಾಗಬಾರದೆಂದು ಮೈದುನನನ್ನು ಹೊರಗೆ ಕಳಿಸಿ ಕಿಟಕಿಯ ಬಾಗಿಲು ಮುಚ್ಚಿಸಿದ್ದರು. ಒಡತಿ ಆಗ ಒಳಗೆ ಚಹಾ ಮಾಡುತ್ತಿದ್ದರು.

"ಕೊಳ್ಳೋ ಹುಡುಗ ಅದನ್ನ ಏನು ಮಾಡ್ತಾನಂತೆ?"

ಕ್ಯಾಮೆರಾದ ಮುಂದೆ ಹಾಳೆ ಹರಿದು, ತನ್ನ ಸಾವಿರಾರು ನೋಡುಗರಿಗೆ ತೋರಿಸುತ್ತಾನಂತೆ. ಅದನ್ನು ಕೇಳಿದ ದಿನ, ಮೊದಲ ಸಲ ಬಂದಾಗಲೇ, ಪರೀಕ್ಷಕರು ಮುಂದಿಟ್ಟ ಚಹಾ ಮುಟ್ಟದೆ ಎದ್ದು ಹೋದರೆಂದು ಮೈದುನ ಹೇಳಿದ. ಅತ್ತೆ ಭೂತಗನ್ನಡಿಯನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡರು.

ಮರುದಿನ ಆಟಿಕೆ ಅಂಗಡಿಯಲ್ಲಿ ಎಲ್ಲರೂ ಸೇರಿದರು. ಒಡತಿ ಮೈದುನನ ಕಡೆ ತಿರುಗಿಯೂ ನೋಡಲಿಲ್ಲ. ಯುವಕ ಕ್ಯಾಮೆರಾ ಜೋಡಿಸುತ್ತಿದ್ದ. ಪರೀಕ್ಷಕರು ಬಿಳಿಯ ಕೈಗವಸು ತೊಟ್ಟು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು. ಅಳಿಯ ಬಗ್ಗಿ ನೋಡಹೋದರೆ, ಉಸಿರು ತಾಗಿಸಬೇಡಿ ಎಂದು ಗದರಿದರು. ಅವನು ಬಾಯಿ ಮುಚ್ಚಿಕೊಂಡು ಹಿಂದೆ ಸರಿದ.

ಅತ್ತೆ ಬಹಳ ಹೊತ್ತು ನೋಡಿದರು. ಬೆನ್ನ ಮೇಲಿನ ಬೆಸುಗೆ ಗೆರೆ ನೆಟ್ಟಗಿತ್ತು, ಎರಡು ತುದಿಯ ಮಡಿಕೆಗಳೂ ಒಂದಕ್ಕೊಂದು ಸರಿಯಾಗಿದ್ದವು. "ಕೆಲಸ ಅಂದ್ರೆ ಇದು. ಹೊರಗಿಂದ ನೋಡಿ ನಾನು ಏನೂ ಹೇಳಲಾರೆ. ಹರಿದೇ ನೋಡಬೇಕು" ಎಂದವರೇ ಚೀಲದಿಂದ ಬ್ಲೇಡು ತೆಗೆದು ಹಾಳೆಯ ಮೂಲೆಗೆ ಇಟ್ಟರು.

ಒಡತಿ ಎದೆ ಹಿಡಿದುಕೊಂಡರು. ಯುವಕ, ಹರಿಯಬೇಕಾದವನು ನಾನು ಎಂದು ಕೂಗಿದ. ಅಳಿಯ ಕಣ್ಣು ಮುಚ್ಚಿಕೊಂಡ. ಮೈದುನ ಮೇಜು ದಾಟಿ ಬಂದು ಅತ್ತೆಯ ಮುಂಗೈಯನ್ನೇ ಹಿಡಿದುಕೊಂಡ. "ಬೇಡಮ್ಮ. ಅಣ್ಣ ಇಟ್ಟದ್ದು ಅದು."

ಅಳಿಯ ಕಣ್ಣು ಬಿಟ್ಟಾಗ ಅತ್ತೆ ಬ್ಲೇಡನ್ನಾಗಲಿ ಪೆಟ್ಟಿಗೆಯನ್ನಾಗಲಿ ನೋಡುತ್ತಿರಲಿಲ್ಲ. ಅವರ ನೋಟ ಪರೀಕ್ಷಕರ ಮೇಲಿತ್ತು. ಪರೀಕ್ಷಕರು ಕೈಗವಸಿನ ಬೆರಳು ಸರಿಮಾಡಿಕೊಳ್ಳುತ್ತಾ ನಿಂತಿದ್ದರು. ತಮ್ಮನ್ನೇ ಎಲ್ಲರೂ ನೋಡುತ್ತಿದ್ದಾರೆಂದು ತಿಳಿದ ಮೇಲಷ್ಟೇ ಅವರ ಮುಖ ಬಿಳುಚಿತು.

"ಉಸಿರು ತಾಗಿದ್ರೆ ಗದರೋರು ಬ್ಲೇಡು ತಾಗಿದಾಗ ಸುಮ್ಮನಿದ್ರಿ" ಎಂದರು ಅತ್ತೆ. "ನಕಲಿ ಅಂತ ಗೊತ್ತಿದ್ದೋರು ಮಾತ್ರ ಹಾಗೆ ನಿಲ್ಲಬಲ್ಲರು. ಈ ಮೈದುನನಿಗೆ ಗೊತ್ತಿರಲಿಲ್ಲ. ಅದಕ್ಕೇ ನನ್ನ ಕೈ ಮುರಿಯೋಕೆ ಬಂದ."

ಆಮೇಲೆ ಒಂದೊಂದಾಗಿ ಬಿಡಿಸಿ ಹೇಳಿದರು. ಗೂಡು ಮಾಡಿದಾಗ ಪೆಟ್ಟಿಗೆ ಅದರಲ್ಲಿ ಬಿಗಿಯಾಗಿ ಕೂರುತ್ತಿತ್ತು. ವರ್ಷ ಕಳೆದಂತೆ ಹಾಳೆ ಬಿಗಿದು ಬದಿಗಳು ಒಳಕ್ಕೆ ಬಾಗಿದವು, ಜಾಗ ಸಡಿಲವಾಯಿತು, ಬಸ್ಸಿಗೆ ಕಟಕಟ ಶುರುವಾಯಿತು. ಈಗಿನ ಪೆಟ್ಟಿಗೆಯ ಬದಿಗಳು ನೆಟ್ಟಗಿದ್ದವು, ಅದಕ್ಕೇ ಸದ್ದಿಲ್ಲ. ಆ ಸೊಂಟವನ್ನು ಮೊದಲ ದಿನ ಸವರಿ ಹೊಗಳಿದವರಿಗೆ ಎರಡನೇ ಸಲ ಅದು ಇಲ್ಲದ್ದು ಕಾಣಲಿಲ್ಲವೆಂದರೆ ನಂಬುವುದು ಹೇಗೆ? ಕಿಟಕಿ ಮುಚ್ಚಿಸಿದ ಆ ಗಳಿಗೆಯಲ್ಲೇ ಅದಲು ಬದಲು ನಡೆದಿತ್ತು. ನಕಲಿಯ ಪೆಟ್ಟಿಗೆ, ಒಳಗಿನ ಆಟದ ಕಾರ್ಟ್ರಿಜ್ ಎಲ್ಲ ನಿಜವೇ ಇರಬೇಕು, ಯಾರೋ ಎಂದೋ ಬಿಚ್ಚಿ ಜೋಪಾನವಾಗಿ ಇಟ್ಟಿದ್ದವು. ಸುಳ್ಳು ಇದ್ದದ್ದು ಮೇಲಿನ ಹಾಳೆಯಲ್ಲಿ ಮಾತ್ರ. ಅದನ್ನು ಯುವಕ ಹರಿದು ಕಸಕ್ಕೆ ಎಸೆದರೆ ಸಾಕ್ಷಿಯೂ ಅದರ ಜೊತೆಗೇ ಹೋಗುತ್ತಿತ್ತು.

"ಪರೀಕ್ಷಕರಿಗೆ ಕಣ್ಣಿತ್ತು. ಬೀದಿ ಸುಮ್ಮನಿದ್ದಾಗ ಬಂದಿದ್ದರಿಂದ ಕಿವಿಗೆ ಕೆಲಸ ಬೀಳಲಿಲ್ಲ. ಕಿವಿ ಇದ್ದದ್ದು ಇವರಿಗೆ" ಎಂದು ಅತ್ತೆ ಒಡತಿಯತ್ತ ತಿರುಗಿದರು. "ಕೇಳಿದ್ದು ಸರಿಯೇ ಇತ್ತಮ್ಮ. ಕೈ ಚಾಚಿದ್ದು ಮಾತ್ರ ತಪ್ಪು ಕಡೆಗೆ."

ಒಡತಿ ತಲೆ ತಗ್ಗಿಸಿದರು. ಪರೀಕ್ಷಕರು ಕೈಗವಸು ಕಳಚಿ ಮೇಜಿನ ಮೇಲಿಟ್ಟರು. ಮಾರಿ ದುಡ್ಡು ಮಾಡಬೇಕೆಂದು ಅಲ್ಲ, ಎಂದರು. ಅಂಥ ಪೆಟ್ಟಿಗೆಯನ್ನು ತಮ್ಮ ಜೀವನದಲ್ಲಿ ಕಂಡದ್ದು ಅದೊಂದೇ. ಅದನ್ನು ಹರಿಯುವುದನ್ನು ನೋಡಲಾರೆ ಅನ್ನಿಸಿತು. ಅಳಿಯನಿಗೆ ಸಿಟ್ಟಿನ ಜೊತೆ ಅಯ್ಯೋ ಅಂತಲೂ ಅನ್ನಿಸಿತು.

"ನಿಮ್ಮ ಆಸೆ ನನಗೆ ಅರ್ಥವಾಗುತ್ತೆ" ಎಂದರು ಅತ್ತೆ. "ಆದರೆ ಪೆಟ್ಟಿಗೆ ಉಳಿಸೋಕೆ ಒಂದು ಮನೆ ಹರಿದ್ರಿ."

ಅಳಿಯ ಪರೀಕ್ಷಕರನ್ನು ಕಾರಿನಲ್ಲಿ ಕರೆದೊಯ್ದು ಅವರ ಕತ್ತಲೆ ಕಪಾಟಿನಿಂದ ಅಸಲಿಯನ್ನು ತಂದ. ಅವರನ್ನು ಏನು ಮಾಡಬೇಕೆಂದು ಅತ್ತೆ ಕೇಳಿದಾಗ, ಇನ್ನು ಅವರ ಮಾತನ್ನು ಯಾರು ನಂಬುತ್ತಾರೆ, ಅದೇ ಸಾಕು ಎಂದರು ಒಡತಿ. ಯುವಕನಿಗೆ, ಹರಿಯುವವರಿಗೆ ಕೊಡುವುದಿಲ್ಲ, ಹಾಗೇ ಇಟ್ಟುಕೊಳ್ಳುವವರು ಬರುವವರೆಗೆ ಸೋರುವಲ್ಲಿ ಬಕೆಟ್ ಇಡುತ್ತೇವೆ ಎಂದು ಹೇಳಿ ಕಳಿಸಿದರು.

ಪೆಟ್ಟಿಗೆಯನ್ನು ಗೂಡಿನಲ್ಲಿಟ್ಟು ಬಾಗಿಲು ಹಾಕಿದರು. ಎಲ್ಲರೂ ಬೀದಿಯ ಕಡೆ ಕಿವಿಯಿಟ್ಟರು. ಬೀದಿಯ ತಿರುವಿನಲ್ಲಿ ಬಸ್ಸು ಬಂತು, ಕಿಟಕಿಯ ಗಾಜು ನಡುಗಿತು, ಗೂಡಿನೊಳಗೆ ಕಟಕಟ ಅಂತು. ಒಡತಿ ಸೆರಗಿನ ಗಂಟು ಬಿಚ್ಚಿ ಬೀಗದ ಕೈ ತೆಗೆದು, ತಾವೇ ಮೈದುನನ ಸೊಂಟಕ್ಕೆ ಸಿಕ್ಕಿಸಿದರು.

"ಮೊನ್ನೆಯಿಂದ ಸರಿಯಾಗಿ ಉಂಡಿಲ್ಲ ನೀನು. ನಡಿ, ಬಡಿಸ್ತೀನಿ."