ಅವ್ವನ ಎದೆಯ ಫೋಟೋ

"ಅಪ್ಪಾ, ಅಲ್ನೋಡು, ಅವ್ವನ ತಾಳಿ," ಎಂದಳು ಇಂದೂ.

ಡಾಕ್ಟರು ಲೋಕನಾಥರು ಕಿಟಕಿಯ ಬೆಳಕಿಗೆ ಹಿಡಿದಿದ್ದ ಎಕ್ಸ್‌ರೇಯಲ್ಲಿ, ಪಕ್ಕೆಲುಬುಗಳ ನಡುವೆ ತಾಳಿಯ ಎರಡು ಗುಂಡು ಬೆಳ್ಳಗೆ ಕಾಣುತ್ತಿದ್ದವು. ಮುಖವೇ ಇಲ್ಲದ ಆ ಫೋಟೋದಲ್ಲಿ ಇಂದೂಗೆ ಗುರುತು ಸಿಕ್ಕಿದ್ದು ಅದೊಂದೇ.

ಹೋದ ಸೋಮವಾರ ಫೋಟೋ ತೆಗೆಯುವವನು, ಕೊರಳಲ್ಲಿ ಏನೂ ಇರಬಾರದೆಂದು ಮರಾಠಿಯಲ್ಲಿ ಹೇಳಿದ್ದ. ಇಂದೂ ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದ್ದಳು.

"ಗಂಡ ಇರೂತನಕ ತಾಳಿ ತಗ್ಯಾಂಗಿಲ್ಲ. ಅವಗೇನ ಗೊತ್ತು?" ಎಂದು ಅವ್ವ ಅದನ್ನು ಕುಪ್ಪಸದೊಳಗೆ ತಳ್ಳಿಕೊಂಡಿದ್ದಳು.

ಈಗ ಅಪ್ಪನ ಮುಖಕ್ಕೆ ಸ್ವಲ್ಪ ಜೀವ ಬಂತು. "ಹಂಗಾದ್ರ ಆ ಬಿಳೇದೆಲ್ಲಾ ತಾಳೀದಽ ಇರಬೇಕಲ್ರಿ?"

"ತಾಳಿ ಇಲ್ಲೆ ನಡುವ ಅದ, ಸಿದ್ರಾಮಪ್ಪ. ನಾ ಹೇಳೂದು ಈ ಮಬ್ಬು." ಡಾಕ್ಟರ ಬೆರಳು ಎಡಕ್ಕೆ ಹೋಯಿತು, ಬಲಕ್ಕೂ ಹೋಯಿತು. "ಕ್ಷಯ ಎರಡೂ ಫುಪ್ಪುಸ ಹಿಡದದ."

"ಸ್ಯಾನಟೋರಿಯಮ್ಮಿಗೆ ಚೀಟಿ ಬರದು ಕೊಡ್ರಿ. ಟ್ರಂಕು ಟಾಂಗಾದಾಗ ಇಟ್ಕೊಂಡಽ ಬಂದೇವಿ."

"ಅಲ್ಲಿ ಖಾಟು ಕಡಿಮಿ. ಫೋಟೋ ನೋಡಿ, ಆರಾಮಾಗಿ ಎದ್ದು ಮನೀಗೆ ಹೋಗೋರಿಗಷ್ಟಽ ಕೊಡ್ತಾರ."

"ನಮ್ಮಾಕಿ?"

ಡಾಕ್ಟರು ಫೋಟೋವನ್ನು ಲಕೋಟೆಗೆ ಹಾಕಿದರು. "ಮಳಿಗಾಲ ದಾಟೂದು ಕಷ್ಟ ಅದ."

ಅಪ್ಪ ಕುರ್ಚಿಯಿಂದ ಏಳಲಿಲ್ಲ. ಇಂದೂ ಒಬ್ಬಳೇ ಹೊರಗೆ ಬಂದಳು.

ಅವ್ವ ಬೆಂಚಿನ ಮೇಲೆ ಏದುಸಿರು ಬಿಡುತ್ತ ಕೂತಿದ್ದಳು. "ಏನಂದ್ರು?"

ಇಂದೂಗೆ ಬಾಯಿಗೆ ಬಂದದ್ದು ಇಷ್ಟೇ: "ಫೋಟೋದಾಗ ನಿನ್ನ ತಾಳಿ ಬಂದದ."

ಅವ್ವನ ಮುಖ ಬಿಳಿಚಿತು. "ನನ್ನ ಹಟದಿಂದ ಫೋಟೋ ಕೆಟ್ಟಿತು." ಆಚೀಚೆ ನೋಡಿ, ತಾಳಿಯನ್ನು ತಲೆಯ ಮೇಲಿಂದ ತೆಗೆದು ಇಂದೂಳ ಕೈಯಲ್ಲಿಟ್ಟಳು. "ಗಟ್ಟಿ ಹಿಡಕೋ. ಇನ್ನೊಮ್ಮೆ ತಗೀಲಿ ಅಂತ ಹೇಳು ಹೋಗು."

ಗುಂಡು ಇನ್ನೂ ಬೆಚ್ಚಗಿದ್ದವು. ಎರಡೂ ಸೇರಿ ಇಂದೂಳ ಹೆಬ್ಬೆರಳಿನಷ್ಟು. ಫೋಟೋದಲ್ಲಿ ಆ ಮಬ್ಬು ಹೆಗಲಿನಿಂದ ಕೆಳಗಿನವರೆಗೂ ಇತ್ತು.

"ಬ್ಯಾಡಂತವ್ವಾ."

"ಯಾಕ?"

"ಇದರದೇನೂ ತಪ್ಪಿಲ್ಲಂತ."

ಅವ್ವ ಮಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಲೆ ಬಗ್ಗಿಸಿದಳು. ಇಂದೂ ತಾಳಿಯನ್ನು ತುರುಬಿಗೆ ಸಿಕ್ಕಿಕೊಳ್ಳದಂತೆ ಮೆಲ್ಲಗೆ ಅವಳ ಕೊರಳಿಗೆ ಹಾಕಿದಳು.

ಅಪ್ಪ ಬಂದ. ಸ್ಯಾನಟೋರಿಯಮ್ಮಿನ ರೈಲಿಗೆ ಬಿಡಲೆಂದು ಕಾದಿದ್ದ ಟಾಂಗಾದವನು ಲಗಾಮು ಹಿಡಿದು, "ಸ್ಟೇಶನ್?" ಎಂದ.

"ನಾಹೀ," ಎಂದ ಅಪ್ಪ. "ಘರೀ."

ಮನೆಗೇಕೆ ಎಂದು ಅವ್ವ ಕೇಳಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮಗಳಿಗೆ ಉಸಿರು ತಾಗದಂತೆ ಸೀಟಿನ ಆ ತುದಿಗೆ ಸರಿದಳು.

ನಿನ್ನೆಯವರೆಗೆ ಅವ್ವ ಹೀಗೆ ಸರಿದರೆ ಇಂದೂ ಮುನಿಸಿಕೊಂಡು ಒತ್ತಿ ಕೂರುತ್ತಿದ್ದಳು. ಇವತ್ತು ಈ ತುದಿಯಲ್ಲೇ ಕೂತಳು.