ಬದನೆಕಾಯಿ ವಿಡಿಯೋ

"ಅಪ್ಪಾ, ಇದ ಸಾಕು!" ಎನ್ನುತ್ತ ಸಂಪದಾ ಕೌಂಟರಿನ ಮೇಲಿದ್ದ ಎಲ್ಲಕ್ಕಿಂತ ಸಣ್ಣ ಹಾರ್ಡ್ ಡಿಸ್ಕನ್ನು ಮುಂದೆ ತಳ್ಳಿದಳು.

"ಎಲ್ಲಿ ಸಾಕಾಗ್ತದವಾ? ನೀ ಹುಟ್ಟಿದಾಗಿಂದ ತಗದ ವಿಡಿಯೋ ಅವ," ಎಂದರು ಅಪ್ಪ ಏಕನಾಥ.

ಅದೂ ನಿಜವೇ. ಸಂಪದಾ ಮೊದಲ ಸಲ ಹಾಗಲಕಾಯಿ ತಿಂದು ಉಗುಳಿದ್ದು, ಸೈಕಲ್ಲಿನಿಂದ ಬಿದ್ದದ್ದು, ಒಂದು ದಿನ ಬೀಳದೇ ಇದ್ದದ್ದು, ಎಲ್ಲವನ್ನೂ ಅಪ್ಪ ವಿಡಿಯೋ ಮಾಡಿದ್ದರು. ಲ್ಯಾಪ್‌ಟಾಪ್ ತುಂಬಿತ್ತು. ಹಳೆಯ ಹಾರ್ಡ್ ಡಿಸ್ಕ್ ಕಟಕಟ ಎನ್ನತೊಡಗಿತ್ತು. ಅದಕ್ಕೇ ಇಬ್ಬರೂ ದೇಶಪಾಂಡೆ ನಗರದ ಈ ಅಂಗಡಿಗೆ ಬಂದಿದ್ದರು.

ಸಂಪದಾಳ ಲೆಕ್ಕವೇ ಬೇರೆ. ಡಿಸ್ಕ್ ಸಣ್ಣದಾದರೆ ಕೆಲವು ವಿಡಿಯೋ ಅಳಿಸಲೇಬೇಕು. ಮೊದಲು ಹೋಗಬೇಕಾದದ್ದು ಬದನೆಕಾಯಿ ವಿಡಿಯೋ!

ಯುಕೆಜಿಯಲ್ಲಿದ್ದಾಗ ಶಾಲೆಯ ವಾರ್ಷಿಕ ಗ್ಯಾದರಿಂಗಿನ ಕಾಯಿಪಲ್ಯ ನಾಟಕದಲ್ಲಿ ಅವಳು ಬದನೆಕಾಯಿ ಆಗಿದ್ದಳು. ಸ್ಟೇಜಿನ ಮೇಲೆ ಮಾತು ಮರೆತು, ಮುಖ ಮುಚ್ಚಿಕೊಂಡು ಅತ್ತಿದ್ದಳು. ಜನರೆಲ್ಲ ಹೋ ಎಂದು ನಕ್ಕಿದ್ದರು. ಮನೆಯಲ್ಲಿ ಆ ವಿಡಿಯೋ ಶುರುವಾದರೆ ಸಾಕು, ಅವಳು ಹೊರಗೆ ಓಡಿಬಿಡುತ್ತಿದ್ದಳು.

"ಎಸ್‌ಎಸ್‌ಡಿ ಅನ್ನೋ ಹೊಸಾ ಡಿಸ್ಕ್ ಭಾಳ ಫಾಸ್ಟ್ ಅಂತಲ್ರೀ?" ಅಪ್ಪ ಕೇಳಿದರು.

"ವಿಡಿಯೋ ಇಡಾಕ ಅಷ್ಟು ಅವಸರ ಯಾಕ್ರಿ ಸರ್?" ಅಂಗಡಿಯ ರೆಹಾನ ನಕ್ಕ. "ಅದರ ಬದ್ಲಿ ಸಾದಾ ಹಾರ್ಡ್ ಡಿಸ್ಕ್, ದೊಡ್ಡೂವು ಎರಡು ಒಯ್ಯರಿ. ಎರಡರಾಗೂ ಎಲ್ಲಾ ವಿಡಿಯೋ ಹಾಕ್ರಿ. ಒಂದು ನಿಮ್ಮ ಮನ್ಯಾಗ, ಇನ್ನೊಂದು ಬ್ಯಾರೆ ಯಾರದರ ಮನ್ಯಾಗ. ಒಂದು ಕೆಟ್ರೂ ಇನ್ನೊಂದು ಇರತೈತಿ."

"ಛಲೋ ಆತು! ಧಾರವಾಡದಾಗ ನಮ್ಮ ಅಕ್ಕನ ಮನಿ ಅದ, ಅಲ್ಲಿ ಇಡೋಣು."

ಸಂಪದಾ ಸಣ್ಣ ಡಿಸ್ಕನ್ನು ಇನ್ನಷ್ಟು ಮುಂದೆ ತಳ್ಳಿದಳು. ಧಾರವಾಡದ ಆ ಅತ್ಯಾನ ಮನೆಯಲ್ಲಿ ಇಬ್ಬರು ತುಂಟ ಹುಡುಗರಿದ್ದಾರೆ. ಇನ್ನು ಪ್ರತಿ ರವಿವಾರ ಅಲ್ಲಿ ಬದನೆಕಾಯಿ ಸಿನಿಮಾ!

"ಒಂದು ವಿಡಿಯೋ ಹಾಕಿ ಚೆಕ್ ಮಾಡಿ ಕೊಡ್ತೇನ್ರಿ," ಎಂದು ರೆಹಾನ ಹಳೆಯ ಡಿಸ್ಕಿನಿಂದ ಯಾವುದೋ ಒಂದನ್ನು ಹೊಸದಕ್ಕೆ ಹಾಕಿದ. ದೊಡ್ಡ ಪರದೆಯ ಮೇಲೆ ನೇರಳೆ ಬಣ್ಣ ಮೂಡಿತು.

"ಅದ ಬ್ಯಾಡ್ರೀ ಅಂಕಲ್!"

ಆಗಲೇ ತಡವಾಗಿತ್ತು. ಗುಂಡನೆಯ ಬದನೆಕಾಯಿಯೊಂದು ಮುಖ ಮುಚ್ಚಿಕೊಂಡು ಅಳುತ್ತಿತ್ತು. ಅಂಗಡಿಗೆ ಬಂದವರೆಲ್ಲ ತಿರುಗಿ ನೋಡಿದರು. ಸಂಪದಾ ಪ್ರಿಂಟರ್ ಬಾಕ್ಸಿನ ಹಿಂದೆ ಅಡಗಿ, ಮೆಲ್ಲಗೆ ಇಣುಕಿದಳು.

ಚಿತ್ರ ಅಲುಗಾಡಿತು. ನೆಲ ಕಂಡಿತು, ಯಾರದೋ ಕಾಲು ಕಂಡವು. "ವೈನಿ, ಸ್ವಲ್ಪ ಫೋನ್ ಹಿಡೀರಿ!" ಪಕ್ಕದ ಹೆಂಗಸಿಗೆ ಹೇಳುವ ಅಪ್ಪನ ದನಿ.

ಮತ್ತೆ ಸ್ಟೇಜು. ಅಪ್ಪ ಓಡಿ ಬರುತ್ತಿದ್ದರು! ಒಂದೇ ಕಾಲಲ್ಲಿ ಚಪ್ಪಲಿ. ಅಲ್ಲಿದ್ದ ಬುಟ್ಟಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು, ಬದನೆಕಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕೂಗಿದರು: "ನಾ ಕುಂಬಳಕಾಯಿ!"

ಜನ ಹೋ ಎಂದು ನಕ್ಕದ್ದು ಆಗ, ಅಪ್ಪನನ್ನು ನೋಡಿ. ಪುಟ್ಟ ಬದನೆಕಾಯಿಯ ಅಳು ನಿಂತಿತು.

ಅಂಗಡಿಯೂ ನಕ್ಕಿತು. ಅಪ್ಪನ ಕಿವಿ ಕೆಂಪಾದವು. "ಅಲ್ಲಿ... ಕಾಯಿಪಲ್ಯ ಕಡಿಮಿ ಬಿದ್ದಿತ್ತು," ಎಂದರು.

ಸಂಪದಾ ಬಾಕ್ಸಿನ ಹಿಂದಿನಿಂದ ಹೊರಗೆ ಬಂದಳು. ಅಷ್ಟೊಂದು ವಿಡಿಯೋಗಳನ್ನು ಒಂದೊಂದಾಗಿ ನೆನೆಸಿಕೊಂಡಳು. ಎಲ್ಲದರಲ್ಲೂ ಅಪ್ಪನ ದನಿಯಿತ್ತು. ಅವರ ಮುಖ ಮಾತ್ರ ಬೇರೆ ಯಾವುದರಲ್ಲೂ ಕಂಡ ನೆನಪಾಗಲಿಲ್ಲ.

"ನಿನಗ ಬ್ಯಾಡಾದ್ರ ಇದನ್ನ ಅಳಸೋಣೇನವಾ?" ಅಪ್ಪ ಮೆಲ್ಲಗೆ ಕೇಳಿದರು.

"ಅಂಕಲ್, ಎರಡೂ ದೊಡ್ಡೂವ ಪ್ಯಾಕ್ ಮಾಡ್ರಿ," ಎಂದ ಸಂಪದಾ ಕೈ ಚಾಚಿದಳು. "ಅಪ್ಪಾ, ಫೋನ್ ಕೊಡು. ನೀ ಅಲ್ಲಿ ನಿಂದರು."

"ನಾನೇನು ಮಾಡ್ಲಿ?"

"ಏನೂ ಬ್ಯಾಡ. ಸುಮ್ನ ನಿಂದರು."

ಅವಳು ಫೋನ್ ಎತ್ತಿ ಹಿಡಿದಳು. ಕೈ ಎಲ್ಲಿಡಬೇಕೆಂದು ತಿಳಿಯದೆ ಅಪ್ಪ ಅಂಗಿಯ ಗುಂಡಿ ತಿರುವುತ್ತ ನಿಂತರು.