ಅವಳು ಬರೆಯದ ಅಧ್ಯಾಯ

"ಕೊನೆಗೂ ನಿನಗೆ ಬುದ್ಧಿ ಬಂತಲ್ಲ," ಎನ್ನುತ್ತ ಉಮ್ಮರಬ್ಬ ಪುಸ್ತಕವೊಂದನ್ನು ತಂಗಿ ಹಲೀಮತಳ ಮುಂದಿಟ್ಟ.

ಊರಿಂದ ಬಂದವರ ಜೊತೆ ಸೌದಿಯ ದಮ್ಮಾಮಿಗೆ ತಲುಪಿದ್ದ ಪುಸ್ತಕ. ಮುಖಪುಟದ ಮೇಲೆ ಅವಳದೇ ಹೆಸರು. ಮಂಗಳೂರಿನ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದಿದ್ದ ಅವಳ ಕಾದಂಬರಿಯನ್ನು ಹುಸೈನ್ ಎಂಬ ಪ್ರಕಾಶಕ ಅವಳಿಗೊಂದು ಮಾತೂ ಹೇಳದೆ ಅಚ್ಚು ಹಾಕಿಸಿದ್ದ.

ಅದಕ್ಕಿಂತ ದೊಡ್ಡ ಏಟು ಕೊನೆಯಲ್ಲಿತ್ತು. ಅವಳ ಕಥೆಯ ಫಾತಿಮತ್, ಹೊಡೆಯುವ ಗಂಡನನ್ನು ಬಿಟ್ಟು ಒಬ್ಬಳೇ ಬಸ್ ಸ್ಟ್ಯಾಂಡಿಗೆ ಬಂದು ನಿಲ್ಲುತ್ತಾಳೆ. ಕಥೆ ಅಲ್ಲಿಗೆ ಮುಗಿಯುತ್ತದೆ. ಪುಸ್ತಕದಲ್ಲಿ ಇನ್ನೊಂದು ಅಧ್ಯಾಯವಿತ್ತು. ಗಂಡ ಬಂದು ಕಣ್ಣೀರಿಡುತ್ತಾನೆ, ಫಾತಿಮತ್ ಅವನ ಹಿಂದೆಯೇ ಮನೆಗೆ ಹೋಗುತ್ತಾಳೆ.

ಹಲೀಮತ್ ತಾನೂ ಅಂಥದೇ ಮನೆಯಿಂದ ಬಿಡುಗಡೆ ಪಡೆದು, ಇಲ್ಲಿನ ಶಾಲೆಯಲ್ಲಿ ಟೀಚರ್ ಆಗಿ, ಅಣ್ಣನ ಸಂಸಾರದ ಜೊತೆ ಇದ್ದವಳು.

"ನಿನ್ನ ಹಳೆಯ ಗಂಡನ ಮನೆಯವರೂ ಓದಿದ್ದಾರಂತೆ," ಎಂದ ಉಮ್ಮರಬ್ಬ. "ಮತ್ತೆ ನಿಕಾಹ್ ಮಾಡುವ ಅಂತ ಮಾತಾಡಲಿಕ್ಕೆ ಬರ್ತಾರಂತೆ. ನೀನೇ ಬರೆದಿದ್ದೀಯಲ್ಲ."

ಹಲೀಮತ್ ಪುಸ್ತಕವನ್ನು ಮುಚ್ಚಿಟ್ಟಳು. ಮರುದಿನವೇ ಮಂಗಳೂರಿನ ವಕೀಲರೊಬ್ಬರಿಗೆ ಟ್ರಂಕ್ ಕಾಲ್ ಹಾಕಿದಳು.

ಹುಸೈನನಿಗೆ ನೋಟಿಸು ತಲುಪಿದ್ದೇ ತಡ, ಅವನ ತಮ್ಮ ಅಬ್ದುಲ್ ಬಾರಿ ಒಂದು ಶುಕ್ರವಾರ ಜುಮಾ ನಮಾಜು ಮುಗಿಸಿ ಇವರ ಮನೆಗೆ ಬಂದ. ದಮ್ಮಾಮಿನಲ್ಲೇ ಗಾಡಿಯ ಬಿಡಿಭಾಗ ಮಾರುವ ಕಂಪನಿಯಲ್ಲಿ ಸೇಲ್ಸ್‌ಮ್ಯಾನ್. ನೀಳ ಮುಖ, ಹುಡುಗಿಯರಿಗಿರುವಂಥ ದಟ್ಟ ರೆಪ್ಪೆ. ರೆಪ್ಪೆಯನ್ನು ತಾನು ಗಮನಿಸಿದೆನಲ್ಲ ಎಂದು ಹಲೀಮತಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಕೇಸು ಬೇಡ," ಎಂದ ಅವನು. "ಪತ್ರಿಕೆಯವರು ಅಣ್ಣನಿಗೆ ಒಪ್ಪಿಗೆ ಕೊಟ್ಟಿದ್ದಾರೆ."

"ಕೊಡಲಿಕ್ಕೆ ಅದು ಅವರ ಆಸ್ತಿಯಾ? ನಾನು ಅವರಿಗೆ ಕೊಟ್ಟದ್ದು ಒಂದು ಸಲ ಧಾರಾವಾಹಿ ಹಾಕಲಿಕ್ಕೆ. ಕಾಪಿರೈಟ್ ನನ್ನದು. ಇನ್ನೊಬ್ಬರಿಗೆ ಹೋಗಬೇಕಾದರೆ ನನ್ನ ಸಹಿ ಬೇಕು. ಉಂಟಾ ನಿಮ್ಮ ಅಣ್ಣನ ಹತ್ತಿರ?"

"ಇಲ್ಲ."

"ನಾನು ಸಹಿ ಹಾಕಿ ಮಾರಿದ್ದರೂ ಕಥೆಯನ್ನು ತಿರುಚಿ ನನ್ನ ಹೆಸರಲ್ಲಿ ಹಾಕಲಿಕ್ಕೆ ಕಾನೂನು ಬಿಡುವುದಿಲ್ಲ."

"ಟೀಚರ್ ಅಂತ ಹೇಳಿದ್ದರು," ಎಂದ ಬಾರಿ. "ವಕೀಲರು ಅಂತ ಯಾರೂ ಹೇಳಲಿಲ್ಲ." ತುಟಿಯಂಚಿಗೆ ಬಂದ ನಗು ಅವಳ ಕಣ್ಣು ಕಂಡು ಅಲ್ಲೇ ನಿಂತಿತು.

"ಆ ಕೊನೆಯ ಅಧ್ಯಾಯ ಬರೆದ ಪುಣ್ಯಾತ್ಮ ಯಾರು?"

ಬಾರಿ ಸುಲೈಮಾನಿ ಚಹಾದ ಗ್ಲಾಸು ಕೆಳಗಿಟ್ಟ. "ನಾನು."

ಹಲೀಮತ್ ಪುಸ್ತಕದ ಕೊನೆಯ ಪುಟ ತೆರೆದು ಅವನ ಮುಂದೆ ದೂಡಿದಳು.

"ರಜೆಯಲ್ಲಿ ಊರಿಗೆ ಹೋಗಿದ್ದೆ. ಕೊನೆ ಹೀಗಿದ್ದರೆ ಪುಸ್ತಕ ಹೋಗುವುದಿಲ್ಲ ಅಂತ ಅಣ್ಣ ಹೇಳಿದ. ನಾನು ಬರೆದದ್ದು ಅದಕ್ಕಲ್ಲ. ಆ ಹುಡುಗಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳನ್ನೇ ಬಿಟ್ಟು ಬರಲಿಕ್ಕೆ ನನ್ನಿಂದ ಆಗಲಿಲ್ಲ."

"ಅದಕ್ಕೆ ಹೊಡೆದವನ ಕೈಗೇ ಕೊಟ್ಟಿರಿ."

"ಅವನು ಬದಲಾದ ಅಂತ ಬರೆದೆ."

"ಅವನು ಪ್ರತಿ ಸಲ ಅಳುತ್ತಿದ್ದ," ಎಂದಳು ಹಲೀಮತ್. ದನಿ ಏರಿಸಲಿಲ್ಲ. "ಅತ್ತು ಮುಗಿದ ಮೇಲೆ ಮತ್ತೆ ಹೊಡೆಯುತ್ತಿದ್ದ. ಈಗ ಅವನ ಮನೆಯವರು ನಿಮ್ಮ ಅಧ್ಯಾಯ ಹಿಡಿದುಕೊಂಡು ನನ್ನನ್ನು ಕರೆಯಲಿಕ್ಕೆ ಬರುತ್ತಾ ಇದ್ದಾರೆ."

ಕಥೆಯ ಹುಡುಗಿ ಯಾರೆಂಬುದು ಬಾರಿಗೆ ಆಗ ತಿಳಿಯಿತು. ಮುಖದ ಬಣ್ಣ ಇಳಿಯಿತು. ಪಕ್ಕದಲ್ಲಿ ಕೂತಿದ್ದ ಉಮ್ಮರಬ್ಬನೂ ತಲೆ ತಗ್ಗಿಸಿದ. ಅಳುವಿನ ಮಾತು ತಂಗಿ ಅವನಿಗೂ ಹೇಳಿರಲಿಲ್ಲ.

"ನನಗೆ ಗೊತ್ತಿರಲಿಲ್ಲ," ಎಂದ ಬಾರಿ ಬಾಗಿಲಲ್ಲಿ ನಿಂತು.

"ಗೊತ್ತಿಲ್ಲದ್ದನ್ನು ಬರೆಯಬಾರದು."

ಬಾಗಿಲು ಹಾಕಿದಳು. ಆದರೆ ಮಕ್ಕಳ ಉತ್ತರಪತ್ರಿಕೆ ತಿದ್ದುವಾಗ, ಕಿಟಕಿಯಾಚೆ ಸಂಜೆಯ ಬಿಸಿಗಾಳಿ ಮರಳು ತೂರುವಾಗ, ಆ ಬಿಳಿಚಿದ ಮುಖ ಸುಮ್ಮಸುಮ್ಮನೆ ಎದುರು ಬರುತ್ತಿತ್ತು. ಅಟ್ಟಿದಷ್ಟೂ ಬರುತ್ತಿತ್ತು.

ಅಷ್ಟರಲ್ಲಿ ನೋಟಿಸಿಗೆ ಹುಸೈನನ ಉತ್ತರ ಬಂತು. ಕೊನೆಯ ಅಧ್ಯಾಯವನ್ನು ಲೇಖಕಿಯೇ ಬರೆದು, ಬಾರಿಯ ಕೈಯಲ್ಲಿ ಕಳಿಸಿಕೊಟ್ಟಳಂತೆ.

ಹಲೀಮತ್ ಬಾರಿಯ ಕಂಪನಿಗೇ ಫೋನ್ ಮಾಡಿದಳು. "ಸುಳ್ಳಿಗೆ ನಿಮ್ಮ ಹೆಸರನ್ನೂ ಕೊಟ್ಟಿರಾ? ಆ ದಿನ ನಿಮ್ಮ ಮುಖ ನೋಡಿ ಮನುಷ್ಯ ಅಂದುಕೊಂಡಿದ್ದೆ."

"ನಾನು ಊರಿಗೆ ಹೋಗುತ್ತಾ ಇದ್ದೇನೆ," ಎಂದ ಬಾರಿ.

"ಹೋಗಿ, ಅಣ್ಣನ ಪರವಾಗಿ ಸಾಕ್ಷಿ ಹೇಳಿ," ಎಂದು ಫೋನ್ ಕುಕ್ಕಿದಳು. ಬೇಸರ ಸಿಟ್ಟಿಗಿಂತ ಹೆಚ್ಚಿತ್ತು. ಯಾಕೆ ಹೆಚ್ಚಿತ್ತೆಂದು ಯೋಚಿಸಲು ಅವಳು ಒಪ್ಪಲಿಲ್ಲ.

ವಕೀಲರ ಕರೆ ಬಂದಾಗ ಅತ್ತಿಗೆ ಶಂಸುನ್ನಿಸಾಳೇ ಫೋನ್ ಎತ್ತಿ ಅವಳಿಗೆ ಕೊಟ್ಟಳು. ಬಾರಿ ನೇರವಾಗಿ ವಕೀಲರ ಆಫೀಸಿಗೇ ಬಂದಿದ್ದನಂತೆ. ಅಧ್ಯಾಯ ಬರೆದದ್ದು ತಾನು, ಲೇಖಕಿಗೆ ವಿಷಯವೇ ಗೊತ್ತಿರಲಿಲ್ಲ ಎಂದು ಪ್ರಮಾಣ ಮಾಡಿ ಅಫಿಡವಿಟ್ ಕೊಟ್ಟಿದ್ದ. ಕೋರ್ಟು ಮಾರಾಟಕ್ಕೆ ತಡೆಯಾಜ್ಞೆ ಕೊಟ್ಟಿತ್ತು. ಸುದ್ದಿ ಪೇಪರಿನಲ್ಲಿ ಬಂದದ್ದೇ, ಸಂಬಂಧ ಮಾತಾಡಲು ಹೊರಟವರು ತೆಪ್ಪಗಾದರು. ಹುಸೈನ್ ತಮ್ಮನ ಪೆಟ್ಟಿಗೆಯನ್ನು ಜಗಲಿಗೆ ಎಸೆದನಂತೆ. ಬಾರಿ ಉಳಿದ ರಜೆಯನ್ನು ಸ್ನೇಹಿತನ ಮನೆಯಲ್ಲಿ ಕಳೆದನಂತೆ.

ಹಲೀಮತ್ ಫೋನ್ ಇಟ್ಟು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು.

ದಮ್ಮಾಮಿಗೆ ಮರಳಿದ ಮೇಲೆ ಬಾರಿ ಮತ್ತೆ ಬಂದ. ಸೊರಗಿದ್ದ. ಉಮ್ಮರಬ್ಬನ ಜೊತೆ ಹೊರಕೋಣೆಯಲ್ಲಿ ಏನೋ ಮೆಲ್ಲಗೆ ಮಾತಾಡಿದ. ಉಮ್ಮರಬ್ಬ ತಂಗಿಯನ್ನು ಕರೆದು ತಾನು ಒಳಗೆ ನಡೆದ. ಪರದೆಯ ಹಿಂದೆ ಶಂಸುನ್ನಿಸಾ ಕೂತಿದ್ದಳು.

"ಥ್ಯಾಂಕ್ಸ್ ಕೇಳಲಿಕ್ಕೆ ಬಂದಿರಾ?" ಎಂದಳು ಹಲೀಮತ್.

"ಅಲ್ಲ. ನಿಕಾಹಿಗೆ ನಿಮ್ಮನ್ನು ಕೇಳಲಿಕ್ಕೆ. ನಿಮ್ಮ ಅಣ್ಣ, ಅವಳನ್ನೇ ಕೇಳು ಅಂದರು."

ಅವಳು ಅವನನ್ನು ದಿಟ್ಟಿಸಿದಳು. "ಧೈರ್ಯ ಉಂಟು ನಿಮಗೆ."

"ಎಂತ ಧೈರ್ಯ. ಎರಡು ಸಲ ಬಾಗಿಲವರೆಗೆ ಬಂದು ತಿರುಗಿ ಹೋದೆ."

ಹಲೀಮತ್ ಎದುರಿನ ಕುರ್ಚಿಯಲ್ಲಿ ಕೂತಳು.

"ನನ್ನ ಕೋಪ ಹೋಗಲಿಲ್ಲ."

"ಹೋಗುವವರೆಗೆ ಕಾಯುತ್ತೇನೆ."

"ಹೋಗದೇ ಇದ್ದರೆ?"

"ಕೋಪವನ್ನೂ ಜೊತೆಗೇ ಕರಕೊಂಡು ಬನ್ನಿ."

ನಗು ಬಂತು. ಅವಳು ತುಟಿ ಕಚ್ಚಿ ಹಿಡಿದಳು. "ನಾನು ಬರೆಯುವುದನ್ನು ಬಿಡುವುದಿಲ್ಲ."

"ಬಿಡಬೇಡಿ. ಅಚ್ಚಾದ ಮೇಲೆ ಎಲ್ಲರ ಹಾಗೆ ಅಂಗಡಿಯಿಂದ ತಂದು ಓದುತ್ತೇನೆ. ಅದಕ್ಕೆ ಮೊದಲು ಒಂದು ಅಕ್ಷರವೂ ಮುಟ್ಟುವುದಿಲ್ಲ."

ದಟ್ಟ ರೆಪ್ಪೆ ಮೇಲೆದ್ದಿತು. ಈ ಸಲ ಹಲೀಮತ್ ನೋಟ ತಿರುಗಿಸಲಿಲ್ಲ.

"ಅಚ್ಚಿಗೆ ಮೊದಲೇ ಓದಬಹುದು," ಎಂದಳು. "ಕೈಯಲ್ಲಿ ಪೆನ್ನು ಮಾತ್ರ ಇರಬಾರದು."

ಪರದೆಯ ಹಿಂದೆ ಬಳೆ ಸದ್ದಾಯಿತು. ಹಲೀಮತ್ ಒಳಗೆ ತಿರುಗಿ ಅಣ್ಣನನ್ನು ಕರೆದಳು. "ಕಾಕಾ, ಬಾ. ಇವರು ಊಟ ಮಾಡಿಕೊಂಡೇ ಹೋಗಲಿ."